ತಂಗಳು ಯಾವುದು, ಹಳಸಿದ್ದು ಯಾವುದು

ನಾಸಿಕ್ ಮತ್ತೊಂದು ಸಿಂಹಸ್ಥ ಕುಂಭಮೇಳಕ್ಕೆ ಅಣಿಯಾಗುತ್ತಿದೆ. ಗುರು ಸಿಂಹರಾಶಿಗೆ ಬರುವ ಹೊತ್ತಿಗೆ ನಡೆಯುವ ಈ ಮೇಳ ಹಿಂದಿನ ಸಲ ನಡೆದದ್ದು 2015ರಲ್ಲಿ. ಹನ್ನೆರಡು ವರ್ಷ ಎಂಬುದು ಈ ಊರಿನವರಿಗೆ ಒಂದು ಅಳತೆಗೋಲು. ಮನೆ ಕಟ್ಟಿಸಿದ್ದು, ಮಗಳ ಮದುವೆ ಮಾಡಿದ್ದು, ದ್ರಾಕ್ಷಿ ಬಳ್ಳಿ ಕಿತ್ತು ಹೊಸದು ಹಾಕಿದ್ದು, ಎಲ್ಲವೂ ಹೋದ ಸಿಂಹಸ್ಥಕ್ಕೆ ಮುಂಚೆಯೋ ಆಮೇಲೆಯೋ ಎಂದು ಲೆಕ್ಕಕ್ಕೆ ಸಿಗುತ್ತವೆ. ನಾನು ಕೆಲಸಕ್ಕೆಂದು ಇಲ್ಲಿಗೆ ಬಂದದ್ದೂ ಅದೇ 2015ರಲ್ಲಿ. ಅಂದಿನಿಂದ ನಾಸಿಕ್‌ನ ಅಂಬಡ್, ಸಾತಪುರಗಳಿಗೂ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ವಾಳೂಜ್‌ಗೂ ನಡುವೆ ಓಡಾಡುತ್ತಾ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರ್ಖಾನೆಗಳ, ಪ್ಯಾಕ್‌ಹೌಸ್‌ಗಳ ಡೇಟಾಬೇಸ್ ನೋಡಿಕೊಳ್ಳುವುದೇ ನನ್ನ ಉದ್ಯೋಗ. ಮುಂದಿನ ಮೇಳ ಬರುವ ಮುಂಚೆ ಒಂದು ವಿಷಯದ ಲೆಕ್ಕವನ್ನಾದರೂ ಸರಿಯಾಗಿ ಒಪ್ಪಿಸಿಬಿಡಬೇಕು ಅನ್ನಿಸಿದೆ. ನಿಧಾನವಾದ ರಿಪೋರ್ಟುಗಳನ್ನು ಓಡಿಸಲು ನಾವು ಮೆಮೊರಿಯಲ್ಲಿ ಕಟ್ಟಿಕೊಂಡ ಕ್ಯಾಶ್‌ಗಳಿಂದ ಏನು ದಕ್ಕಿತು, ಏನು ಕೆಟ್ಟಿತು ಎಂಬುದೇ ಆ ವಿಷಯ.

ಬೆಂಗಳೂರಿನ ಓದುಗರಿಗೆ ಈ ಊರುಗಳು ದೂರದವಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಎಚ್‌ಎಎಲ್ 1964ರಲ್ಲಿ ಮಿಗ್ ವಿಮಾನಗಳಿಗಾಗಿ ಕಾರ್ಖಾನೆ ಕಟ್ಟಿದ್ದು ನಾಸಿಕ್ ಪಕ್ಕದ ಓಝರ್‌ನಲ್ಲಿ. ಮೈಕೋ ಎಂದು ನಾವೆಲ್ಲ ಕರೆಯುತ್ತಿದ್ದ ಬಾಷ್‌ನ ಘಟಕ ಸಾತಪುರದಲ್ಲಿದೆ. ಮರಾಠವಾಡ ಮತ್ತು ಕಲ್ಯಾಣ ಕರ್ನಾಟಕದ ಬಹುಭಾಗ 1956ರ ತನಕ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು; ಸೆಪ್ಟೆಂಬರ್ 17 ಎರಡೂ ಕಡೆಗೆ ಇವತ್ತಿಗೂ ವಿಮೋಚನೆಯ ದಿನ. ಬಜಾಜ್ ಆಟೋ 1985ರಲ್ಲಿ ವಾಳೂಜ್‌ಗೆ ಬಂದ ಮೇಲೆ ಅದರ ಸುತ್ತ ಬಿಡಿಭಾಗಗಳ ನೂರಾರು ವರ್ಕ್‌ಶಾಪ್‌ಗಳು ಎದ್ದವು. ನನ್ನ ಕಥೆ ನಡೆಯುವುದು ಅಂಥವುಗಳ ಒಳಗೆ.

ಅಲ್ಲಿ ದಿನದ ಮುಖ್ಯ ಮುಹೂರ್ತ ಬೆಳಗಿನ ಹತ್ತು ಗಂಟೆ. ಪ್ರೊಡಕ್ಷನ್ ಮೀಟಿಂಗ್ ಅಂದರೆ ಅದೇ. ಮ್ಯಾನೇಜರ್, ಸ್ಟೋರ್ಸ್‌ನವರು, ಡಿಸ್ಪ್ಯಾಚ್‌ನವರು, ಖರೀದಿ ವಿಭಾಗದವರು ಎಲ್ಲರೂ ಅದೇ ಹೊತ್ತಿಗೆ ಅದೇ ಸ್ಟಾಕ್ ರಿಪೋರ್ಟನ್ನು ತೆರೆಯುತ್ತಿದ್ದರು. ಆ ರಿಪೋರ್ಟು ಒಳಗೆ ಮಾಡುತ್ತಿದ್ದ ಕೆಲಸ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕಾರ್ಖಾನೆ ಶುರುವಾದ ದಿನದಿಂದ ಒಳಬಂದ, ಹೊರಹೋದ ಪ್ರತಿಯೊಂದು ಚಲನ್ ಸಾಲನ್ನೂ ಅದು ಮೊದಲಿನಿಂದ ಕೂಡಿ ಕಳೆಯುತ್ತಿತ್ತು. ಹತ್ತು ಜನ ತೆರೆದರೆ ಹತ್ತು ಸಲ. ನಾಲ್ಕೈದು ನಿಮಿಷ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುವುದು, ಅತ್ತ ಗೇಟಿನಲ್ಲಿ ಸೆಕ್ಯುರಿಟಿಯವನು ಲಾರಿ ನಂಬರ್ ಹೊಡೆದು ಸೇವ್ ಒತ್ತಿದರೆ ಅದೂ ಮುಂದಕ್ಕೆ ಹೋಗದೆ ನಿಲ್ಲುವುದು. ರಿಪೋರ್ಟ್ ನೋಡುವವರ ದೆಸೆಯಿಂದ ಕೆಲಸ ಮಾಡುವವರು ಕಾಯಬೇಕಾಗಿತ್ತು. ಗೇಟಿನ ಹೊರಗೆ ಡ್ರೈವರುಗಳು ಬಿಸಿಲಲ್ಲಿ ಟವಲ್ ತಲೆಗೆ ಸುತ್ತಿಕೊಂಡು ನಿಂತಿದ್ದದ್ದು ಕಣ್ಣಿಗೆ ಕಟ್ಟಿದೆ.

ಇದಕ್ಕೆ ಮದ್ದು ಏನೆಂದು ಅಡುಗೆಮನೆಯಲ್ಲಿ ನಿಂತವರು ಯಾರಾದರೂ ಹೇಳಿಯಾರು. ಸಾಸಿವೆ, ಜೀರಿಗೆ, ಅರಿಶಿನಕ್ಕೆಂದು ಪ್ರತಿ ಒಗ್ಗರಣೆಗೂ ಯಾರೂ ಉಗ್ರಾಣಕ್ಕೆ ಹೋಗುವುದಿಲ್ಲ. ಒಲೆಯ ಪಕ್ಕದಲ್ಲೇ ಒಗ್ಗರಣೆ ಡಬ್ಬಿ ಇರುತ್ತದೆ. ಕಂಪ್ಯೂಟರಿನಲ್ಲೂ ಹಾಗೆಯೇ. ತಿರುಗುವ ಹಾರ್ಡ್ ಡಿಸ್ಕಿನಿಂದ ಒಂದು ತುಣುಕು ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡ್ ಹಿಡಿದರೆ ಮೆಮೊರಿಯಿಂದ ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು, ಅಂದರೆ ಒಂದು ಲಕ್ಷ ಪಟ್ಟು ವ್ಯತ್ಯಾಸ. ಎಸ್‌ಎಸ್‌ಡಿ ಬಂದ ಮೇಲೂ ಸಾವಿರ ಪಟ್ಟು ಉಳಿದಿದೆ. ಪದೇ ಪದೇ ಬೇಕಾಗುವುದನ್ನು ಹತ್ತಿರದ ಸಣ್ಣ ಮೆಮೊರಿಯಲ್ಲಿ ಇಟ್ಟುಕೊಳ್ಳುವ, ಈಗ ಕ್ಯಾಶ್ ಎನ್ನುವ ಯೋಚನೆಯನ್ನು ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲೇ ಬರೆದಿಟ್ಟಿದ್ದರು. 1968ರ ಐಬಿಎಂ 360 ಮಾಡೆಲ್ 85 ಯಂತ್ರದಲ್ಲಿ ಅದು ಮಾರುಕಟ್ಟೆಗೆ ಬಂತು. ಡೇಟಾಬೇಸಿನವರಿಗೆ ಇನ್ನೂ ಹತ್ತಿರದ ಮಾತು ಹೇಳಿದವರು ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು. ಡಿಸ್ಕಿನ ಬೆಲೆ, ಮೆಮೊರಿಯ ಬೆಲೆ ಎರಡನ್ನೂ ತೂಗಿ ನೋಡಿ, ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಪುಟವನ್ನು ಮೆಮೊರಿಯಲ್ಲಿ ಇಡುವುದೇ ಅಗ್ಗ ಎಂದು ಅವರು 1987ರಲ್ಲಿ ಲೆಕ್ಕ ತೋರಿಸಿದರು. ವೇಗದ ಪ್ರಶ್ನೆಯನ್ನು ರೂಪಾಯಿಯ ಪ್ರಶ್ನೆಯಾಗಿ ನೋಡಿದ ಆ ಬಗೆ ನನಗೆ ಬಹಳ ಇಷ್ಟ. ಅಂಬಡ್‌ನ ಮಾಲೀಕರಿಗೆ ಅರ್ಥವಾಗುವುದೂ ಅದೇ ಭಾಷೆ.

ಇಷ್ಟೆಲ್ಲ ಓದಿಕೊಂಡಿದ್ದರೂ ನಮ್ಮ ಮೊದಲ ಹೆಜ್ಜೆ ತಪ್ಪಿತು. ನಮ್ಮ ಬಹುತೇಕ ಗಿರಾಕಿಗಳದು ಮೈಎಸ್‌ಕ್ಯುಎಲ್. ಅದರಲ್ಲೇ ಕ್ವೆರಿ ಕ್ಯಾಶ್ ಎಂಬುದೊಂದು ಇತ್ತು; ಒಂದು ಪ್ರಶ್ನೆಗೆ ಬಂದ ಉತ್ತರವನ್ನು ನೆನಪಿಟ್ಟುಕೊಂಡು ಅದೇ ಪ್ರಶ್ನೆ ಮತ್ತೆ ಬಂದರೆ ಲೆಕ್ಕ ಹಾಕದೆ ಕೊಡುವ ಏರ್ಪಾಡು. ಪುಕ್ಕಟೆ ಸಿಕ್ಕಿತೆಂದು ಅದಕ್ಕೆ 512 ಎಂಬಿ ಕೊಟ್ಟು ಕೂತೆವು. ರಿಪೋರ್ಟು ಬೇಗ ಬರುವುದಿರಲಿ, ಇಡೀ ಸರ್ವರ್ ಮುಗ್ಗರಿಸತೊಡಗಿತು. ಕಾರಣ ಗೊತ್ತಾಗಲು ತಿಂಗಳು ಹಿಡಿಯಿತು. ಒಂದು ಟೇಬಲ್ಲಿಗೆ ಒಂದೇ ಒಂದು ಸಾಲು ಬಿದ್ದರೂ ಆ ಟೇಬಲ್ಲನ್ನು ಮುಟ್ಟಿದ ಎಲ್ಲ ಉತ್ತರಗಳನ್ನೂ ಅದು ಅಳಿಸಿಹಾಕುತ್ತಿತ್ತು. ಗೇಟಿನಲ್ಲಿ ನಿಮಿಷಕ್ಕೊಂದು ಎಂಟ್ರಿ ಬೀಳುವ ಕಡೆ ಉತ್ತರ ಉಳಿಯುವುದಾದರೂ ಹೇಗೆ? ಮೇಲಾಗಿ ಅಳಿಸುವ ಹೊತ್ತಿನಲ್ಲಿ ಒಂದೇ ಬೀಗಕ್ಕೆ ಎಲ್ಲರೂ ಸಾಲು ನಿಲ್ಲಬೇಕು. ಕ್ಯಾಶ್ ದೊಡ್ಡದಾದಷ್ಟೂ ಆ ಕಾಯುವಿಕೆ ಹೆಚ್ಚು. ಪ್ರಶ್ನೆಯ ಬರಹದಲ್ಲಿ ಒಂದು ಅಕ್ಷರ ದೊಡ್ಡದು ಚಿಕ್ಕದಾದರೂ ಅದಕ್ಕೆ ಅದು ಬೇರೆ ಪ್ರಶ್ನೆ. ಮೈಎಸ್‌ಕ್ಯುಎಲ್ ಕಟ್ಟಿದವರೇ ಕೊನೆಗೆ ಕೈಬಿಟ್ಟು 2018ರ 8.0 ಆವೃತ್ತಿಯಲ್ಲಿ ಅದನ್ನು ಪೂರ್ತಿ ತೆಗೆದುಹಾಕಿದರು. ನಾವು ಅದಕ್ಕೆ ಮುಂಚೆಯೇ ಆಫ್ ಮಾಡಿದ್ದೆವು. ಆಫ್ ಮಾಡಿದ ದಿನ ಗೇಟ್ ಎಂಟ್ರಿ ಸಲೀಸಾಯಿತು.

ಆಮೇಲೆ ಸಿಕ್ಕಿದ್ದು ನಾಚಿಕೆಪಡುವ ಸಂಗತಿ, ಆದರೂ ಬರೆಯುತ್ತೇನೆ, ಯಾಕೆಂದರೆ ಬೇರೆ ಕಡೆಯೂ ಇದು ಇಂದಿಗೂ ಹೀಗೇ ಇದೆ. 32 ಜಿಬಿ ಮೆಮೊರಿಯ ಸರ್ವರಿನಲ್ಲಿ ಡೇಟಾಬೇಸಿನ ಸ್ವಂತ ಬಫರ್ ಪೂಲ್ ಗಾತ್ರ 128 ಎಂಬಿ ಇತ್ತು. ಅದು ಇನ್‌ಸ್ಟಾಲ್ ಮಾಡುವಾಗ ತಾನಾಗಿ ಬರುವ ಸಂಖ್ಯೆ, ಯಾರೂ ಮುಟ್ಟಿರಲಿಲ್ಲ. ಡೇಟಾಬೇಸ್ ತನ್ನ ಪುಟಗಳನ್ನು ತಾನೇ ಮೆಮೊರಿಯಲ್ಲಿ ಇಟ್ಟುಕೊಳ್ಳಬಲ್ಲದು, ಜಾಗ ಕೊಡಬೇಕಷ್ಟೆ. ಅದನ್ನು ಏರಿಸಿದೆವು. ಐಟಂ ಕೋಡ್ ಮತ್ತು ತಾರೀಖು ಎರಡೂ ಸೇರಿದ ಇಂಡೆಕ್ಸ್ ಹಾಕಿದೆವು. ಮುಗಿದ ತಿಂಗಳುಗಳ ಲೆಕ್ಕವನ್ನು ಒಮ್ಮೆ ಕೂಡಿ ಬೇರೊಂದು ಸಾರಾಂಶ ಟೇಬಲ್ಲಿನಲ್ಲಿ ಇಟ್ಟೆವು. ರಿಪೋರ್ಟು ಇನ್ನು ಮುಂದೆ ಈ ತಿಂಗಳನ್ನಷ್ಟೇ ಕೂಡಿದರೆ ಸಾಕು. ಪೋಸ್ಟ್‌ಗ್ರೆಸ್ ಬಳಸುವವರಿಗೆ ಇದಕ್ಕೆ 2013ರಿಂದಲೇ ಮೆಟೀರಿಯಲೈಸ್ಡ್ ವ್ಯೂ ಇದೆ, 2014ರ 9.4ರಿಂದ ಓದುವವರನ್ನು ತಡೆಯದೆ ಅದನ್ನು ಹೊಸದು ಮಾಡಬಹುದು. ನಾಲ್ಕೈದು ನಿಮಿಷದ ರಿಪೋರ್ಟು ಇಷ್ಟಕ್ಕೇ ಹತ್ತು ಹನ್ನೆರಡು ಸೆಕೆಂಡಿಗೆ ಇಳಿಯಿತು, ಅದೂ ಕ್ಯಾಶ್ ಎಂಬುದರ ಹೆಸರಿಲ್ಲದೆ. ಇಷ್ಟು ವರ್ಷಗಳಲ್ಲಿ ನನ್ನ ಮನಸ್ಸಿಗೆ ಅತಿ ಖಚಿತವಾದ ಮಾತು ಇದು. ಕೆಟ್ಟ ಕ್ವೆರಿಯ ಮೇಲೆ ಕ್ಯಾಶ್ ಹೊದಿಸಿದರೆ ಆ ಕ್ವೆರಿ ವಾಸಿಯಾಗುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ. ಕರೆಂಟು ಹೋಗಿ ಮೆಮೊರಿ ಬರಿದಾದ ಸೋಮವಾರ ಬೆಳಿಗ್ಗೆ ಅದು ಮತ್ತೆ ಎದ್ದು ಬರುತ್ತದೆ.

ಇದಾದ ಮೇಲೆ, ಸಿದ್ಧ ಉತ್ತರಗಳನ್ನು ಮೆಮೊರಿಯಲ್ಲಿ ಇಟ್ಟುಕೊಡುವ ರೆಡಿಸ್ ತಂದೆವು. ಲೈವ್‌ಜರ್ನಲ್‌ಗಾಗಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ 2003ರಲ್ಲಿ ಬರೆದ ಮೆಮ್‌ಕ್ಯಾಶ್‌ಡಿಯನ್ನೂ ನೋಡಿದ್ದೆವು, ಆದರೆ ಸಿಸಿಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಕೊಟ್ಟ ರೆಡಿಸ್‌ನಲ್ಲಿ ಪಟ್ಟಿ, ಕ್ರಮಾಂಕದ ಗುಂಪು ಎಲ್ಲವನ್ನೂ ಇಡಬಹುದಾಗಿತ್ತು, ಬೇಕಾದರೆ ಡಿಸ್ಕಿಗೂ ಒಂದು ಪ್ರತಿ ಬರೆಯುತ್ತಿತ್ತು. ಹತ್ತು ಸೆಕೆಂಡಿನ ರಿಪೋರ್ಟು ಕಣ್ಣು ಮಿಟುಕಿಸುವುದರೊಳಗೆ ಬಂತು. ಮೀಟಿಂಗಿನಲ್ಲಿ ಮ್ಯಾನೇಜರ್ ಮೌಸ್ ಒತ್ತಿ, ಬಂದ ಉತ್ತರ ನಂಬಲಾಗದೆ ಇನ್ನೊಮ್ಮೆ ಒತ್ತಿದರು. ನಮಗೆಲ್ಲ ಪೇಢಾ ಹಂಚಿದರು. ಸಂಭಾಜಿನಗರದಿಂದ ರೈಲಿನಲ್ಲಿ ವಾಪಸ್ ಬರುವಾಗ ಮನಮಾಡ್ ದಾಟಿ ಲಾಸಲ್‌ಗಾಂವ್ ಬಳಿ ಕಿಟಕಿಯಿಂದ ಈರುಳ್ಳಿಯ ವಾಸನೆ ಬಂದಾಗಲೂ ಅವತ್ತು ಹಿತವಾಗಿತ್ತು.

ಆ ಸಂತೋಷ ಎರಡು ತಿಂಗಳು ಇತ್ತು.

ಸ್ಟೋರ್ಸ್‌ನಲ್ಲಿ ಒಬ್ಬರು ಹಿರಿಯರಿದ್ದರು, ಎಲ್ಲರಿಗೂ ಅವರು ಕಾಕಾ. ಒಂದು ದಿನ 10.20ಕ್ಕೆ ರಿಪೋರ್ಟು ನೋಡಿ, ಒಂದು ಬಗೆಯ ಬಿಡಿಭಾಗ ಸಾಕಷ್ಟು ಇದೆ ಎಂದು ತಿಳಿದು, ಗಿರಾಕಿ ಕಂಪನಿಗೆ ಎರಡನೇ ಲಾರಿ ಕಳಿಸುತ್ತೇನೆ ಎಂದು ಫೋನಿನಲ್ಲಿ ಒಪ್ಪಿಕೊಂಡರು. ಅದರಲ್ಲಿ ಅರ್ಧದಷ್ಟು ಮಾಲು 10.05ಕ್ಕೇ ಬೇರೆ ಲಾರಿಯಲ್ಲಿ ಗೇಟು ದಾಟಿತ್ತು. ರಿಪೋರ್ಟಿನ ಆಯುಸ್ಸು ನಾನು ಇಟ್ಟದ್ದು ಅರ್ಧ ಗಂಟೆ, 9.55ರ ಅಂಕಿ ಇನ್ನೂ ಪರದೆಯ ಮೇಲೆ ಕೂತಿತ್ತು. ಲಾರಿ ಬಂದು ನಿಂತಿತು, ಮಾಲು ಇರಲಿಲ್ಲ. ಅತ್ತ ಕಡೆ ಗಿರಾಕಿಯ ಅಸೆಂಬ್ಲಿ ಲೈನ್ ಈ ಮಾಲಿಗೆ ಕಾಯುತ್ತಿತ್ತು. ನಲವತ್ತು ವರ್ಷ ರಿಜಿಸ್ಟರಿನಲ್ಲಿ ಒಂದು ತಪ್ಪೂ ಮಾಡದ ಮನುಷ್ಯ ಅವತ್ತು ಮೀಟಿಂಗ್ ಕೋಣೆಯಲ್ಲಿ ನಿಂತು ಸಮಜಾಯಿಷಿ ಕೊಡಬೇಕಾಯಿತು. ತಪ್ಪು ಅವರದಾಗಿರಲಿಲ್ಲ. ಆ ಅರ್ಧ ಗಂಟೆಯನ್ನು ಅವರನ್ನು ಒಂದು ಮಾತೂ ಕೇಳದೆ ಇಟ್ಟವನು ನಾನು.

ಸಂಜೆ ಅವರ ಮೇಜಿನ ಹತ್ತಿರ ಹೋಗಿ ಕೂತೆ. ಕ್ಯಾಶ್ ಎಂದರೇನು, ಉತ್ತರ ಸ್ವಲ್ಪ ಹಳೆಯದಾಗಿರುತ್ತದೆ, ಅದರಿಂದಲೇ ಬೇಗ ಬರುತ್ತದೆ ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ಸಾಹೇಬ, ಹೇ ಶಿಳಂ ನಾಹೀ, ನಾಸ್ಲಂಯ."

ಶಿಳಂ ಅಂದರೆ ತಂಗಳು. ನಾಸ್ಲಂಯ ಅಂದರೆ ಹಳಸಿಹೋಗಿದೆ. ಇದು ತಂಗಳಲ್ಲ, ಹಳಸಿದ್ದು ಎಂದರು ಕಾಕಾ. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟು ಅವರ ಮನೆಯಲ್ಲಿ ಫೋಡ್ಣಿಚಾ ಭಾತ್ ಮಾಡುತ್ತಾರೆ, ನಮ್ಮ ಮನೆಯಲ್ಲಿ ಚಿತ್ರಾನ್ನ. ತಂಗಳನ್ನ ತಿಂದು ಗದ್ದೆಗೆ ಹೋದ ಅಜ್ಜ ಅಜ್ಜಿಯರ ಮೊಮ್ಮಕ್ಕಳು ನಾವು. ತಂಗಳು ಎಂಬುದು ಬೈಗುಳವಲ್ಲ, ಅದು ಬೆಳಗಿನ ಹೊತ್ತನ್ನು ಉಳಿಸುವ ಉಪಾಯ. ಅದೇ ಅನ್ನ ಮಧ್ಯಾಹ್ನದ ಬಿಸಿಲಿಗೆ ಮುಚ್ಚಿಟ್ಟಿದ್ದರೆ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಗೊತ್ತಾಗುತ್ತದೆ. ಅಂಕಿಗೆ ವಾಸನೆಯಿಲ್ಲ. 1200 ಎಂಬ ಸಂಖ್ಯೆ ಈ ಕ್ಷಣದ್ದಾದರೂ ನಿನ್ನೆಯದಾದರೂ ಪರದೆಯ ಮೇಲೆ ಒಂದೇ ಥರ ಹೊಳೆಯುತ್ತದೆ. ನಾವು ಆವರೆಗೆ ಹಿಟ್ ಎಷ್ಟು, ಮಿಸ್ ಎಷ್ಟು, ಮಿಲಿಸೆಕೆಂಡ್ ಎಷ್ಟು ಎಂದು ಅಳೆಯುತ್ತಿದ್ದೆವು. ಯಾರು ಈ ಅಂಕಿಯನ್ನು ಏನು ಮಾಡಲು ನೋಡುತ್ತಿದ್ದಾರೆ, ಅದಕ್ಕೆ ಅದು ಎಷ್ಟು ಹೊತ್ತಿನ ತನಕ ಕೆಡದೆ ಇರುತ್ತದೆ ಎಂದು ಕೇಳಿರಲೇ ಇಲ್ಲ.

ಮರುದಿನ ಮಾಡಿದ ಮೊದಲ ಕೆಲಸ, ಪ್ರತಿ ರಿಪೋರ್ಟಿನ ತಲೆಯ ಮೇಲೆ, ದಪ್ಪ ಅಕ್ಷರದಲ್ಲಿ, ಲೆಕ್ಕ ತೆಗೆದ ಗಳಿಗೆಯನ್ನು ಅಚ್ಚು ಹಾಕಿದ್ದು: "ಸಾಠಾ, ಸಕಾಳಿ 9.55 ಪರ್ಯಂತ." ಬೆಳಿಗ್ಗೆ 9.55ರ ತನಕದ ದಾಸ್ತಾನು. ಪಕ್ಕದಲ್ಲಿ ಈಗಲೇ ಹೊಸದಾಗಿ ತೆಗೆ ಎಂಬ ಗುಂಡಿ. ಎರಡನೆಯದು, ನೋಡುವ ರಿಪೋರ್ಟನ್ನೂ ಮಾತು ಕೊಡುವ ರಿಪೋರ್ಟನ್ನೂ ಬೇರೆ ಮಾಡಿದ್ದು. ಡಿಸ್ಪ್ಯಾಚ್‌ಗೆ ಮಾಲು ಒಪ್ಪಿಕೊಳ್ಳುವ ಪರದೆ ಕ್ಯಾಶಿನ ಮುಖವನ್ನೂ ನೋಡದೆ ನೇರ ಟೇಬಲ್ಲಿಗೇ ಹೋಗಬೇಕು; ಅದು ಒಂದೇ ಐಟಂ ಕೇಳುವುದರಿಂದ ಇಂಡೆಕ್ಸ್ ಇದ್ದರೆ ಹೇಗೂ ತಡವಿಲ್ಲ.

ಇದೇನೂ ನಾವು ಕಂಡುಹಿಡಿದ ಹೊಸತಲ್ಲ. ರೈಲ್ವೆಯವರ ಉದಾಹರಣೆ ಕಣ್ಣೆದುರಿಗೇ ಇತ್ತು. ಐಆರ್‌ಸಿಟಿಸಿ 2014ರ ಆಗಸ್ಟ್‌ನಲ್ಲಿ ಹೊಸ ಇ-ಟಿಕೆಟ್ ವ್ಯವಸ್ಥೆ ತಂದಾಗ ಅದರ ಬೆನ್ನಿಗೆ ಜೆಮ್‌ಫೈರ್ ಎಂಬ ಇನ್-ಮೆಮೊರಿ ವ್ಯವಸ್ಥೆ ನಿಂತಿತ್ತು. ನಿಮಿಷಕ್ಕೆ 2,000 ಟಿಕೆಟ್ ಕೊಡುತ್ತಿದ್ದುದು 7,200 ಕೊಡುವ ಮಟ್ಟಕ್ಕೆ ಏರಿತು. ಟಿಕೆಟ್ ಆ್ಯಪ್‌ಗಳಲ್ಲಿ ಸೀಟು ಖಾಲಿ ಇದೆ ಎಂಬುದರ ಕೆಳಗೆ, ಇದು ಎಷ್ಟು ಗಂಟೆ ಹಿಂದಿನ ಮಾಹಿತಿ ಎಂದು ಸಣ್ಣ ಅಕ್ಷರದಲ್ಲಿ ಇರುವುದನ್ನು ಗಮನಿಸಿರಬಹುದು. ಒತ್ತಿದರೆ ಹೊಸದು ಬರುತ್ತದೆ. ಹುಡುಕುವವನಿಗೆ ತಂಗಳು ಸಾಕು, ಟಿಕೆಟ್ ಕೊಳ್ಳುವ ಗಳಿಗೆಗೆ ಬಿಸಿಯದೇ ಬೇಕು. ನಾನು ಎಷ್ಟೋ ವರ್ಷ ಅದೇ ಪರದೆ ನೋಡಿ ಮನಮಾಡ್ ಮಾರ್ಗವಾಗಿ ಓಡಾಡಿದರೂ ಅದರ ಪಾಠ ಕಾಕಾ ಅವರ ಬಾಯಿಂದ ಬರಬೇಕಾಯಿತು.

ನಾಸಿಕ್ ಕಡೆಯ ಕೆಲಸ ಇದೇ ಅರಿವನ್ನು ಇನ್ನೊಂದು ಬಗೆಯಲ್ಲಿ ತಿದ್ದಿತು. ಲಾಸಲ್‌ಗಾಂವ್ ಮಾರುಕಟ್ಟೆ ಸಮಿತಿ 1947ರದ್ದು, ಈರುಳ್ಳಿಯ ದೇಶದ ದರ ಅಲ್ಲಿ ನಡೆಯುವ ಹರಾಜನ್ನು ನೋಡಿಕೊಂಡು ಏರಿಳಿಯುತ್ತದೆ. ಕ್ವಿಂಟಲಿಗೆ ಕನಿಷ್ಠ, ಗರಿಷ್ಠ, ಮಾದರಿ ದರ ಎಂದು ದಿನಕ್ಕೆ ಮೂರು ಅಂಕಿ. ವ್ಯಾಪಾರಿಯೊಬ್ಬರಿಗೆ ನಾವು ಮಾಡಿಕೊಟ್ಟ ರಿಪೋರ್ಟಿನಲ್ಲಿ ಹಳೆಯ ದಿನಗಳ ದರವನ್ನು ಗಡುವಿಲ್ಲದೆ ಕ್ಯಾಶಿನಲ್ಲಿ ಇಟ್ಟೆವು, ನಡೆಯುತ್ತಿರುವ ದಿನಕ್ಕೆ ಹತ್ತು ನಿಮಿಷ. ಅಚ್ಚುಕಟ್ಟಾಗಿ ನಡೆಯಿತು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿದ ದಿನ ಲಾಸಲ್‌ಗಾಂವ್‌ನಲ್ಲಿ ಹರಾಜೇ ನಿಂತಿತು. ನಮ್ಮ ಕ್ಯಾಶ್ ಚೆನ್ನಾಗಿಯೇ ಇತ್ತು, ಆಯುಸ್ಸು ಮೀರಿದ ಅಂಕಿ ಒಂದೂ ಇರಲಿಲ್ಲ, ಆದರೂ ಗೋದಾಮಿನ ಮಾಲಿನ ಮೌಲ್ಯ ಎಂದು ಅದು ತೋರಿಸಿದ್ದಕ್ಕೆ ಅರ್ಥ ಉಳಿದಿರಲಿಲ್ಲ. ಗಡಿಯಾರ ನೋಡಿ ಹೇಳುವ ತಾಜಾತನ ಬೇರೆ, ಲೋಕ ಬದಲಾದದ್ದು ಬೇರೆ.

ದ್ರಾಕ್ಷಿಯದು ಇನ್ನೂ ಕಟ್ಟುನಿಟ್ಟು. ಯುರೋಪಿಗೆ ಹೋಗುವ ತಾಜಾ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಎಷ್ಟಿದೆ ಎಂಬುದನ್ನು ತೋಟದ ಮಟ್ಟಕ್ಕೆ ಪತ್ತೆಹಚ್ಚಲು ಕೇಂದ್ರದ ಕೃಷಿ ರಫ್ತು ಪ್ರಾಧಿಕಾರ ಅಪೆಡಾ 2006ರಲ್ಲಿ ಗ್ರೇಪ್‌ನೆಟ್ ತಂದಿತು. ಪಿಂಪಳಗಾಂವ್ ಬಸವಂತ, ನಿಫಾಡ್ ಕಡೆಯ ಪ್ಯಾಕ್‌ಹೌಸ್‌ಗಳಿಗೆ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು. ದಿನಕ್ಕೆ ಎಷ್ಟು ಪೆಟ್ಟಿಗೆ ಕಟ್ಟಿದೆವು ಎಂಬ ರಿಪೋರ್ಟು ಒಂದು ಗಂಟೆ ಹಳೆಯದಾದರೂ ಯಾರಿಗೂ ನಷ್ಟವಿಲ್ಲ. ಆದರೆ ಈ ತೋಟದ ಹಣ್ಣು ಪರೀಕ್ಷೆಯಲ್ಲಿ ಪಾಸೋ ಅಲ್ಲವೋ ಎಂಬುದು ಒಂದು ಕ್ಷಣವೂ ಹಳೆಯದಾಗಿರಕೂಡದು. ಕಂಟೇನರ್ ಬಾಗಿಲು ಮುಚ್ಚಿದ ಮೇಲೆ ಆ ತಪ್ಪು ಸಮುದ್ರ ದಾಟಿಬಿಡುತ್ತದೆ. ಆ ಒಂದು ಟೇಬಲ್ಲನ್ನು ಕ್ಯಾಶಿಗೆ ಸೇರಿಸಲು ನಾನು ಇಂದಿಗೂ ಒಪ್ಪಿಲ್ಲ, ಎಷ್ಟೇ ನಿಧಾನ ಎಂದು ಗಲಾಟೆ ಮಾಡಿದರೂ.

ನೂಕುನುಗ್ಗಲಿನ ಮಾತನ್ನೂ ಹೇಳಬೇಕು. ಆಯುಸ್ಸು ಮುಗಿದು ಉತ್ತರ ಅಳಿಸಿಹೋದ ಗಳಿಗೆಯಲ್ಲೇ ನಲವತ್ತು ಜನ ಒಟ್ಟಿಗೆ ಕೇಳಿದರೆ ನಲವತ್ತೂ ಪ್ರಶ್ನೆ ಒಮ್ಮೆಲೇ ಡೇಟಾಬೇಸಿನ ಮೇಲೆ ಬೀಳುತ್ತವೆ. ಹತ್ತು ಗಂಟೆಗೆ ಸರಿಯಾಗಿ ಗಡುವು ಮುಗಿಯುವಂತೆ ಇಟ್ಟರೆ ಆಗುವುದೇ ಅದು. ನಮ್ಮ ವೃತ್ತಿಯಲ್ಲಿ ಇದಕ್ಕೆ ಸ್ಟ್ಯಾಂಪೀಡ್, ಅಂದರೆ ಕಾಲ್ತುಳಿತ, ಎಂದು ಹೆಸರು. 2003ರ ಸಿಂಹಸ್ಥದಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಜನ ಸತ್ತದ್ದನ್ನು ಕಂಡ ಊರಿನಲ್ಲಿ ಆ ಶಬ್ದ ಬಾಯಿಗೆ ಬರುವುದಿಲ್ಲ, ನಮ್ಮ ತಂಡದಲ್ಲಿ ನಾವು ಅದನ್ನು ಗರ್ದಿ ಎಂದಷ್ಟೇ ಕರೆಯುತ್ತೇವೆ. ಉಪಾಯ ಸರಳ. ಮೊದಲು ಬಂದವನೊಬ್ಬನೇ ಬಾವಿಗೆ ಇಳಿಯಲಿ, ಉಳಿದವರು ಅವನು ತರುವ ತನಕ ಕಾಯಲಿ ಅಥವಾ ಕೊಡದಲ್ಲಿ ಉಳಿದ ಹಳೆಯ ನೀರು ಕುಡಿಯಲಿ. ಫೇಸ್‌ಬುಕ್‌ನವರು ಮೆಮ್‌ಕ್ಯಾಶ್‌ಡಿಯಲ್ಲಿ ಲೀಸ್ ಎಂಬ ಹೆಸರಿನಿಂದ ಮಾಡಿಕೊಂಡ ಏರ್ಪಾಡನ್ನು 2013ರ ಪ್ರಬಂಧದಲ್ಲಿ ವಿವರಿಸಿದ್ದರು, ನಾವು ಅದನ್ನು ಓದಿ ಪುಟ್ಟದಾಗಿ ಮಾಡಿಕೊಂಡೆವು. ಎಲ್ಲ ರಿಪೋರ್ಟುಗಳ ಗಡುವು ಒಟ್ಟಿಗೆ ಮುಗಿಯದಂತೆ ಅಷ್ಟಿಷ್ಟು ಹಿಂದುಮುಂದು ಮಾಡಿದೆವು. ಬೆಳಗಿನ ಪಾಳಿಯ ಜನ ಬರುವ ಮುಂಚೆ ಮುಖ್ಯ ರಿಪೋರ್ಟುಗಳನ್ನು ನಾವೇ ಒಮ್ಮೆ ಓಡಿಸಿ ಒಲೆ ಬಿಸಿ ಮಾಡಿಡುತ್ತೇವೆ.

ಕ್ಯಾಶಿನಲ್ಲಿ ಅತಿ ಹೆಚ್ಚು ಕಾಡಿದ್ದು ದೊಡ್ಡ ರಿಪೋರ್ಟುಗಳಲ್ಲ, ಎಂದೂ ಬದಲಾಗುವುದಿಲ್ಲ ಎಂದು ನಾವು ನಂಬಿದ ಚಿಕ್ಕ ಪಟ್ಟಿಗಳು. ಜಿಲ್ಲೆಗಳ ಪಟ್ಟಿಗೆ ಗಡುವು ಯಾಕೆ ಎಂದು ಗಡುವಿಲ್ಲದೆ ಇಟ್ಟಿದ್ದೆವು. 2023ರ ಫೆಬ್ರವರಿಯಲ್ಲಿ ಔರಂಗಾಬಾದ್ ಛತ್ರಪತಿ ಸಂಭಾಜಿನಗರವಾಗಲು ಕೇಂದ್ರದ ಒಪ್ಪಿಗೆ ಬಂತು. ಟೇಬಲ್ಲಿನಲ್ಲಿ ಹೆಸರು ತಿದ್ದಿದೆವು. ಚಲನ್‌ಗಳಲ್ಲಿ ಹೊಸ ಹೆಸರು, ಸಾರಾಂಶದ ರಿಪೋರ್ಟಿನಲ್ಲಿ ಹಳೆಯದು. ಒಂದೇ ಊರು ಎರಡು ಸಾಲಾಗಿ ಎರಡು ಮೊತ್ತ ತೋರಿಸಿತು. ಲೆಕ್ಕ ತಪಾಸಣೆಯವರು ಎದುರು ಕೂತಾಗ ಅದು ಸಣ್ಣ ವಿಷಯವಾಗಿ ಉಳಿಯುವುದಿಲ್ಲ. ರೈಲು ನಿಲ್ದಾಣದ ಹೆಸರು ಬದಲಾದದ್ದು 2025ರ ಅಕ್ಟೋಬರ್‌ನಲ್ಲಿ, ಅಷ್ಟರಲ್ಲಿ ನಾವು ಕಲಿತಿದ್ದೆವು. ಅದಕ್ಕೆ ಒಂದು ತಿಂಗಳು ಮುಂಚೆ, ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಗಿ ವಾಹನದ ಬಿಡಿಭಾಗಗಳೆಲ್ಲ ಶೇ 18ರ ದರಕ್ಕೆ ಬಂದ ರಾತ್ರಿ ನಾವು ಇಬ್ಬರು ಕಚೇರಿಯಲ್ಲೇ ಇದ್ದು, ಹನ್ನೆರಡು ಹೊಡೆದ ಕೂಡಲೇ ತೆರಿಗೆ ಪಟ್ಟಿಯ ಕ್ಯಾಶನ್ನು ಕೈಯಾರೆ ಅಳಿಸಿ, ಮೊದಲ ಬಿಲ್ಲು ತೆಗೆದು ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿ ಮಲಗಿದೆವು. ಈಗ ನಿಯಮ ಹೀಗೆ: ಪಟ್ಟಿಯನ್ನು ತಿದ್ದುವ ಪ್ರೋಗ್ರಾಮೇ ಅದರ ಕ್ಯಾಶನ್ನೂ ಅಳಿಸಬೇಕು, ಅದನ್ನು ಇನ್ನೊಬ್ಬರ ನೆನಪಿಗೆ ಬಿಡುವಂತಿಲ್ಲ.

ಬಾಕಿ ಉಳಿದ ಸಾಲಗಳೂ ಇವೆ. ಮುಗಿದ ತಿಂಗಳು ಮುಗಿದಂತೆಯೇ ಎಂಬ ನಂಬಿಕೆಯ ಮೇಲೆ ಸಾರಾಂಶ ಟೇಬಲ್ ನಿಂತಿದೆ, ಆದರೆ ಅಕೌಂಟ್ಸ್‌ನವರು ಹಿಂದಿನ ತಾರೀಖು ಹಾಕಿ ಎಂಟ್ರಿ ಮಾಡುವುದು ನಿಂತಿಲ್ಲ. ಅವರದ್ದೂ ತಪ್ಪಲ್ಲ, ಮಾಲು ವಾಪಸ್ ಬಂದ ಕಾಗದ ಕೈಗೆ ಸಿಗುವುದೇ ತಡವಾಗಿ. ಅಂಥ ಎಂಟ್ರಿ ಬಿದ್ದಾಗ ಆ ತಿಂಗಳ ಸಾರಾಂಶವನ್ನು ಮತ್ತೆ ಕೂಡುವ ಏರ್ಪಾಡು ಮೂರು ಕಡೆ ಆಗಿದೆ, ಉಳಿದ ಕಡೆ ಆಗಬೇಕು. ರೆಡಿಸ್ 2024ರ ಮಾರ್ಚ್‌ನಲ್ಲಿ ತನ್ನ ಲೈಸೆನ್ಸ್ ಬದಲಿಸಿದಾಗ ಅದರ ಹಳೆಯ ರೂಪವನ್ನು ಮುಂದುವರಿಸಿ ವಾಲ್ಕಿ ಎಂಬುದು ಲಿನಕ್ಸ್ ಫೌಂಡೇಶನ್ನಿನ ಆಸರೆಯಲ್ಲಿ ಹುಟ್ಟಿತು. 2025ರ ಮೇನಲ್ಲಿ ರೆಡಿಸ್ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ದಾರಿಯನ್ನೂ ಕೊಟ್ಟಿತು. ನಮ್ಮಂಥ ಒಳಗಿನ ಬಳಕೆಗೆ ಯಾವುದೂ ತೊಂದರೆಯಿಲ್ಲ, ಆದರೂ ಹೊಸ ಕಡೆಗಳಲ್ಲಿ ನಾವು ವಾಲ್ಕಿಯನ್ನೇ ಹಾಕುತ್ತಿದ್ದೇವೆ. ಮೆಮೊರಿ ಅಗ್ಗ ಎಂದು ಹತ್ತು ವರ್ಷ ಹೇಳಿಕೊಂಡು ಬಂದೆವು. ಎಐ ಡೇಟಾ ಸೆಂಟರುಗಳ ಹಸಿವಿಗೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಮೇಲೆ ಆ ಮಾತನ್ನು ನಿಲ್ಲಿಸಿದ್ದೇವೆ. ಯಾರೂ ನೋಡದ ರಿಪೋರ್ಟುಗಳು ಕ್ಯಾಶಿನಲ್ಲಿ ಎಷ್ಟಿವೆ ಎಂದು ಗ್ರೇ ಮತ್ತು ಪುಟ್ಜೊಲು ಲೆಕ್ಕದ ಹಾಗೆ ಎಣಿಸಿ ನೋಡಿ ಅರ್ಧದಷ್ಟನ್ನು ಹೊರಹಾಕಿದೆವು. ಒಬ್ಬರೂ ಫೋನ್ ಮಾಡಲಿಲ್ಲ.

ಕಾಕಾ ನಿವೃತ್ತರಾಗಿದ್ದಾರೆ. ಅವರ ಆ ಸಂಜೆಯ ಮಾತಿನಿಂದ ಹುಟ್ಟಿದ ಒಂದು ಕಾಗದ ಮಾತ್ರ ಎರಡೂ ಊರುಗಳಲ್ಲಿ ನಡೆಯುತ್ತಿದೆ. ಹೊಸ ರಿಪೋರ್ಟು ಬೇಕೆಂದು ಯಾರೇ ಕೇಳಿದರೂ ಒಂದು ಪುಟದ ಫಾರ್ಮ್ ತುಂಬಬೇಕು. ಅದರಲ್ಲಿ ಒಂದು ಪ್ರಶ್ನೆ: ಈ ಅಂಕಿ ಎಷ್ಟು ಹಳೆಯದಾದರೂ ನಿಮಗೆ ನಡೆಯುತ್ತದೆ? ಮೊದಮೊದಲು ಎಲ್ಲರೂ ಕಣ್ಣುಮುಚ್ಚಿ ಲೈವ್ ಎಂದೇ ಬರೆಯುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತು, ಈ ರಿಪೋರ್ಟು ನೋಡಿ ನೀವು ಮುಂದೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದೆ. ಹೋದ ತಿಂಗಳು ವಾಳೂಜ್‌ನ ಖರೀದಿ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಆ ಪ್ರಶ್ನೆಯ ಎದುರಿಗೆ ತನ್ನ ಕೈಬರಹದಲ್ಲಿ ಬರೆದಿದ್ದಳು: "ಜೇವಣಾಪರ್ಯಂತ ಚಾಲೇಲ್." ಊಟದ ಹೊತ್ತಿನ ತನಕ ನಡೆಯುತ್ತದೆ. ಗಡುವನ್ನು ಮಧ್ಯಾಹ್ನ ಒಂದು ಗಂಟೆಗೆ ಇಟ್ಟೆ.